ಇಂಧನಕೋಶದ ಬಾಳಿಕೆ: ಲೋಹದ ಆಕ್ಸೈಡ್ ಆಸರೆಗಳ ಸಂಶೋಧನೆಗೆ ಹಣವೂ ಬೇಕು, ಗಮನವೂ ಬೇಕು

ಮಾನ್ಯ ಸಂಪಾದಕರಿಗೆ,

ಹೈಡ್ರೋಜನ್ ಬಸ್ಸು, ಹೈಡ್ರೋಜನ್ ಲಾರಿಗಳ ಪ್ರಾಯೋಗಿಕ ಸಂಚಾರದ ಸುದ್ದಿಗಳು ಈಚೆಗೆ ಕನ್ನಡ ಪತ್ರಿಕೆಗಳಲ್ಲೂ ಆಗಾಗ ಪ್ರಕಟವಾಗುತ್ತಿವೆ. ಹೈಡ್ರೋಜನ್ ಎಲ್ಲಿಂದ ಬರಬೇಕು, ಕಿಲೋ ಒಂದಕ್ಕೆ ಎಷ್ಟು ಖರ್ಚು ಬೀಳುತ್ತದೆ, ಅದನ್ನು ತುಂಬಿಸುವ ಕೇಂದ್ರಗಳು ಯಾವ ಹೆದ್ದಾರಿಗಳಲ್ಲಿ ಬೇಕು ಎಂಬ ಚರ್ಚೆ ನಡೆದಿದೆ, ನಡೆಯಬೇಕಾದದ್ದೇ. ಆದರೆ ಆ ಹೈಡ್ರೋಜನ್ನಿನಿಂದ ವಿದ್ಯುತ್ತನ್ನು ಪಡೆಯುವ ಇಂಧನಕೋಶ ಎಷ್ಟು ಕಾಲ ಬಾಳುತ್ತದೆ, ಅದರೊಳಗೆ ಮೊದಲು ಸವೆಯುವ ಭಾಗ ಯಾವುದು, ಆ ಸವೆತವನ್ನು ತಡೆಯಲು ನಮ್ಮ ಪ್ರಯೋಗಾಲಯಗಳು ಏನು ಮಾಡಬಹುದು ಎಂಬ ವಿಷಯ ಮಾತ್ರ ಸಾರ್ವಜನಿಕ ಚರ್ಚೆಗೆ ಬಂದದ್ದು ಬಹಳ ಕಡಿಮೆ. ಬಹುಕಾಲ ರಸಾಯನವಿಜ್ಞಾನ ಬೋಧಿಸಿದ ನನಗೆ ಇದು ತಜ್ಞರ ಕೊಠಡಿಯಲ್ಲೇ ಉಳಿಯಬೇಕಾದ ಸಂಗತಿಯೆಂದು ಅನ್ನಿಸುವುದಿಲ್ಲ. ಸಾರ್ವಜನಿಕ ಹಣ ಹೂಡಿಕೆಯಾಗುತ್ತಿರುವ ಯೋಜನೆಯೊಂದರ ಭವಿಷ್ಯ ಅದರ ಮೇಲೆ ನಿಂತಿರುವುದರಿಂದ ತಮ್ಮ ಓದುಗರ ಮುಂದೆ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಇಡಲು ಅವಕಾಶ ಕೋರುತ್ತೇನೆ.

ವಾಹನಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಪಾಲಿಮರ್ ಪೊರೆಯ ಇಂಧನಕೋಶ. ಪೊರೆಯ ಒಂದು ಬದಿಯಲ್ಲಿರುವ ಆನೋಡಿನಲ್ಲಿ ಹೈಡ್ರೋಜನ್ ಅಣುವು ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳಾಗಿ ಒಡೆಯುತ್ತದೆ. ಪ್ರೋಟಾನ್‌ಗಳು ಪೊರೆಯನ್ನು ಹಾದು, ಎಲೆಕ್ಟ್ರಾನ್‌ಗಳು ಹೊರಗಿನ ಮಂಡಲವನ್ನು ಸುತ್ತಿ ಕ್ಯಾಥೋಡನ್ನು ತಲುಪುತ್ತವೆ. ಅಲ್ಲಿ ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ನೀರಾಗುತ್ತವೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ತೀವ್ರ ಆಮ್ಲೀಯ ವಾತಾವರಣದಲ್ಲಿ ಈ ಕ್ರಿಯೆ ಸಾಕಷ್ಟು ವೇಗವಾಗಿ ನಡೆಯಲು ಎರಡೂ ಕಡೆ ಪ್ಲಾಟಿನಂ ಕ್ರಿಯಾವರ್ಧಕ ಬೇಕು. ಪ್ಲಾಟಿನಂ ದುಬಾರಿ ಲೋಹವಾದ್ದರಿಂದ ಅದರ ಹೆಚ್ಚಿನ ಪರಮಾಣುಗಳು ಮೇಲ್ಮೈಯಲ್ಲಿ ಸಿಗುವಂತೆ 2ರಿಂದ 5 ನ್ಯಾನೋಮೀಟರ್ ಗಾತ್ರದ ಕಣಗಳಾಗಿ ಹರಡುತ್ತಾರೆ. ಅಷ್ಟು ಚಿಕ್ಕ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ದೂರದೂರ ಉಳಿಯಬೇಕಾದರೆ ಅವುಗಳನ್ನು ಹಿಡಿದಿಡುವ ಒಂದು ಆಸರೆ ಇರಬೇಕು. ಆ ಆಸರೆ ವಿದ್ಯುತ್ತನ್ನು ಹರಿಯಬಿಡಬೇಕು, ಗ್ರಾಂ ಒಂದಕ್ಕೆ ನೂರಾರು ಚದರ ಮೀಟರ್ ಮೇಲ್ಮೈ ಕೊಡಬೇಕು, ಅನಿಲವೂ ನೀರೂ ಓಡಾಡುವಷ್ಟು ರಂಧ್ರಗಳನ್ನು ಉಳಿಸಿಕೊಳ್ಳಬೇಕು, ಜೊತೆಗೆ ಅಗ್ಗವಾಗಿರಬೇಕು. ಇಷ್ಟನ್ನೂ ಒಟ್ಟಿಗೆ ಪೂರೈಸುವ ವಸ್ತುವಾಗಿ ಈವರೆಗೆ ನಿಂತಿರುವುದು ಇಂಗಾಲದ ಮಸಿ, ಅಂದರೆ ಕಾರ್ಬನ್ ಬ್ಲ್ಯಾಕ್. ಟೈರಿಗೆ ಬೆರೆಸುವ ಮಸಿಯ ಕುಲಕ್ಕೇ ಸೇರಿದ ವಸ್ತು ಇದು. ಬಹಳ ಬಳಕೆಯಲ್ಲಿರುವ ವಲ್ಕನ್ ಎಕ್ಸ್‌ಸಿ-72 ಎಂಬ ಬಗೆಯಲ್ಲಿ ಗ್ರಾಂಗೆ ಸುಮಾರು 250 ಚದರ ಮೀಟರ್ ಮೇಲ್ಮೈ ಇರುತ್ತದೆ.

ಇಂಗಾಲದ ದೋಷ ಅದರ ಸ್ವಭಾವದಲ್ಲೇ ಇದೆ. ನೀರಿನ ಸಾನ್ನಿಧ್ಯದಲ್ಲಿ ಇಂಗಾಲವು ಉತ್ಕರ್ಷಣಗೊಂಡು, ಅಂದರೆ ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡು, ಕಾರ್ಬನ್ ಡೈಆಕ್ಸೈಡ್ ಆಗುವ ಕ್ರಿಯೆಯ ಸಮತೋಲನ ವಿಭವ, ಅಂದರೆ ಯಾವುದನ್ನು ದಾಟಿದರೆ ಆ ಕ್ರಿಯೆ ನಡೆಯಬಲ್ಲದೋ ಆ ವೋಲ್ಟೇಜು, ಕೇವಲ 0.207 ವೋಲ್ಟ್. ಇಂಧನಕೋಶದ ಕ್ಯಾಥೋಡ್ ಸಾಮಾನ್ಯವಾಗಿ 0.6 ವೋಲ್ಟಿಗಿಂತ ಮೇಲೆಯೇ ಕೆಲಸ ಮಾಡುತ್ತದೆ. ಅಂದರೆ ಉಷ್ಣಗತಿವಿಜ್ಞಾನದ ಲೆಕ್ಕದಲ್ಲಿ ಅಲ್ಲಿ ಇಂಗಾಲ ಉಳಿಯಲೇಬಾರದು. ಉಳಿದಿರುವುದು ಆ ಕ್ರಿಯೆ ಬಹಳ ನಿಧಾನ ಎಂಬ ಒಂದೇ ಕಾರಣಕ್ಕೆ. ಆದರೆ ವಿಭವ ಹೆಚ್ಚಿದಂತೆ ಅದರ ವೇಗವೂ ತೀವ್ರವಾಗಿ ಏರುತ್ತದೆ; ಪಕ್ಕದಲ್ಲೇ ಕುಳಿತಿರುವ ಪ್ಲಾಟಿನಂ ಕೂಡ ಅದಕ್ಕೆ ಕುಮ್ಮಕ್ಕು ಕೊಡುತ್ತದೆ.

ವಿಭವ ಹಾಗೆ ಏರುವುದು ಯಾವಾಗ ಎಂಬುದನ್ನು ಓದುಗರು ಗಮನಿಸಬೇಕು. ವಾಹನವನ್ನು ನಿಲ್ಲಿಸಿ ಕೆಲವು ಗಂಟೆ ಬಿಟ್ಟರೆ ಆನೋಡಿನ ನಾಳಗಳೊಳಗೂ ಗಾಳಿ ಸೇರಿಕೊಳ್ಳುತ್ತದೆ. ಮತ್ತೆ ಚಾಲೂ ಮಾಡಿದಾಗ ಒಳಬರುವ ಹೈಡ್ರೋಜನ್ ಆ ಗಾಳಿಯನ್ನು ಮುಂದಕ್ಕೆ ತಳ್ಳುತ್ತಾ ಸಾಗುತ್ತದೆ, ಹೀಗಾಗಿ ಸ್ವಲ್ಪ ಹೊತ್ತು ಆನೋಡಿನ ಒಂದು ಭಾಗದಲ್ಲಿ ಹೈಡ್ರೋಜನ್, ಇನ್ನೊಂದು ಭಾಗದಲ್ಲಿ ಗಾಳಿ ಇರುತ್ತದೆ. ಹೈಡ್ರೋಜನ್ ಇರುವ ಭಾಗ ಎಂದಿನಂತೆ ವಿದ್ಯುತ್ ಉತ್ಪಾದಿಸತೊಡಗುತ್ತದೆ. ಗಾಳಿ ಉಳಿದಿರುವ ಭಾಗದಲ್ಲಿ ಮಾತ್ರ ವಿದ್ಯುತ್ ಪ್ರವಾಹದ ದಿಕ್ಕು ತಿರುಗುತ್ತದೆ: ಅಲ್ಲಿನ ಆಮ್ಲಜನಕಕ್ಕೆ ಬೇಕಾದ ಪ್ರೋಟಾನ್‌ಗಳನ್ನು ಎದುರಿನ ಕ್ಯಾಥೋಡ್ ಒದಗಿಸಬೇಕಾಗುತ್ತದೆ, ಕ್ಯಾಥೋಡಿನಲ್ಲಿ ಅವು ಹುಟ್ಟುವುದು ನೀರು ಮತ್ತು ಇಂಗಾಲ ಉತ್ಕರ್ಷಣಗೊಂಡಾಗಲೇ. ಆ ಕ್ಷಣಗಳಲ್ಲಿ ಕ್ಯಾಥೋಡಿನ ಆ ಭಾಗದ ವಿಭವ 1.4ರಿಂದ 1.5 ವೋಲ್ಟಿನವರೆಗೆ ಏರುತ್ತದೆ. ಇದನ್ನು ವಿವರಿಸುವ ಸಂಶೋಧನೆ 2005ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಕ್ಯಾಥೋಡ್ ಏಕೆ ಇಷ್ಟು ಬೇಗ ಕ್ಷಯಿಸುತ್ತದೆ ಎಂಬುದಕ್ಕೆ ತೃಪ್ತಿಕರ ವಿವರಣೆ ಇರಲಿಲ್ಲವೆಂಬುದು ಗಮನಾರ್ಹ. ನಗರದ ಬಸ್ಸು, ಸರಕು ಸಾಗಿಸುವ ಲಾರಿಗಳಂಥ ವಾಹನಗಳ ಆಯುಷ್ಯದಲ್ಲಿ ಚಾಲೂ ಮಾಡುವ, ನಿಲ್ಲಿಸುವ ಸಂದರ್ಭಗಳು ಸಾವಿರಾರು. ಪ್ರತಿ ಬಾರಿಯೂ ಒಂದಿಷ್ಟು ಇಂಗಾಲ ಅನಿಲವಾಗಿ ಹೊರಟುಹೋಗುತ್ತದೆ.

ಇಂಗಾಲ ಹೋದರೆ ಆಗುವ ನಷ್ಟ ಅದರ ತೂಕಕ್ಕಷ್ಟೇ ಸೀಮಿತವಲ್ಲ. ಮಳೆಗೆ ಕೆರೆ ಏರಿಯ ಮಣ್ಣು ಕೊಚ್ಚಿಹೋದಾಗ ಅದರ ಮೇಲಿದ್ದ ಗಿಡಗಳು ಬೇರು ಸಡಿಲಗೊಂಡು ಒಂದರ ಮೇಲೊಂದು ಒರಗುವಂತೆ, ಆಸರೆ ಕಳೆದುಕೊಂಡ ಪ್ಲಾಟಿನಂ ಕಣಗಳು ಒಂದನ್ನೊಂದು ಕೂಡಿ ದೊಡ್ಡವಾಗುತ್ತವೆ. ಕೆಲವು ವಿದ್ಯುತ್ ಸಂಪರ್ಕವನ್ನೇ ಕಳೆದುಕೊಳ್ಳುತ್ತವೆ. ಸುಮಾರು ಹತ್ತು ಮೈಕ್ರೊಮೀಟರ್ ದಪ್ಪದ ಕ್ರಿಯಾವರ್ಧಕ ಪದರ ಕುಸಿದು ತೆಳುವಾಗುತ್ತದೆ, ರಂಧ್ರಗಳು ಮುಚ್ಚುತ್ತವೆ. ಉಳಿದ ಇಂಗಾಲದ ಮೇಲ್ಮೈ ಆಮ್ಲಜನಕದ ಗುಂಪುಗಳನ್ನು ಹೊತ್ತು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಗಾಳಿ ಒಳಹೋಗುವ ಹಾದಿಯಲ್ಲಿ ನೀರು ನಿಲ್ಲುತ್ತದೆ. ಬೆಲೆಬಾಳುವ ಪ್ಲಾಟಿನಂ ಬಹುಪಾಲು ಅಲ್ಲೇ ಇದ್ದರೂ ಕೋಶ ನಿಷ್ಪ್ರಯೋಜಕವಾಗುತ್ತದೆ.

ಇದನ್ನು ತಡೆಯಲು ವಾಹನ ತಯಾರಕರು ಕೈಕಟ್ಟಿ ಕುಳಿತಿಲ್ಲ. ನಿಲ್ಲಿಸುವಾಗ ಆಮ್ಲಜನಕವನ್ನು ಪೂರ್ತಿ ವ್ಯಯಿಸುವುದು, ಚಾಲೂ ಮಾಡುವಾಗ ಹೈಡ್ರೋಜನ್ನನ್ನು ರಭಸದಿಂದ ಹಾಯಿಸುವುದು, ಬ್ಯಾಟರಿಯ ನೆರವಿನಿಂದ ವಿಭವದ ಏರಿಳಿತ ಕಡಿಮೆ ಮಾಡುವುದು ಇವೆಲ್ಲ ಜಾರಿಯಲ್ಲಿವೆ. ಹೆಚ್ಚು ಉಷ್ಣತೆಯಲ್ಲಿ ಕಾಯಿಸಿ ಗ್ರಾಫೈಟಿನ ರೂಪಕ್ಕೆ ಹತ್ತಿರ ತಂದ ಇಂಗಾಲವೂ ನಿಧಾನವಾಗಿ ಸವೆಯುತ್ತದೆ, ಆದರೆ ಅದರ ನುಣುಪಾದ ಮೇಲ್ಮೈಯಲ್ಲಿ ಪ್ಲಾಟಿನಂ ಗಟ್ಟಿಯಾಗಿ ನಿಲ್ಲುವುದಿಲ್ಲ. ಇವು ಹಾನಿಯನ್ನು ಮುಂದೂಡುವ ಉಪಾಯಗಳು. ಪ್ರತಿಯೊಂದೂ ವ್ಯವಸ್ಥೆಗೆ ಒಂದಷ್ಟು ಬಿಡಿಭಾಗ, ಒಂದಷ್ಟು ಖರ್ಚು ಸೇರಿಸುತ್ತದೆ. ಇಂಗಾಲವನ್ನೇ ಬಿಟ್ಟು, ಮೊದಲೇ ಪೂರ್ಣವಾಗಿ ಉತ್ಕರ್ಷಣಗೊಂಡಿರುವ ವಸ್ತುವಿನ ಮೇಲೆ ಪ್ಲಾಟಿನಂ ಕೂರಿಸಿದರೆ ಹೇಗೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಟೈಟಾನಿಯಂ ಡೈಆಕ್ಸೈಡ್, ತವರದ ಡೈಆಕ್ಸೈಡ್‌ಗಳಲ್ಲಿ ಲೋಹ ತನ್ನ ಅತ್ಯುಚ್ಚ ಉತ್ಕರ್ಷಣ ಸ್ಥಿತಿಯಲ್ಲಿದೆ. 1.5 ವೋಲ್ಟ್ ಹೇರಿದರೂ ಅವು ಕಳೆದುಕೊಳ್ಳಬೇಕಾದದ್ದು ಏನೂ ಇಲ್ಲ, ಆಮ್ಲದಲ್ಲಿಯೂ ಅವು ಸುಲಭವಾಗಿ ಕರಗುವುದಿಲ್ಲ.

ಹಾಗಿದ್ದರೆ ಈ ಬದಲಾವಣೆ ಎಂದೋ ಆಗಬೇಕಿತ್ತಲ್ಲ ಎಂದು ಕೇಳಬಹುದು. ಅಡ್ಡಿ ಇರುವುದು ವಾಹಕತೆಯಲ್ಲಿ. ಶುದ್ಧ ಟೈಟಾನಿಯಂ ಡೈಆಕ್ಸೈಡಿನ ಶಕ್ತಿ ಅಂತರ, ಅಂದರೆ ಅದರೊಳಗಿನ ಎಲೆಕ್ಟ್ರಾನ್ ಬಿಡುಗಡೆಗೊಂಡು ಹರಿಯಲು ಬೇಕಾದ ಶಕ್ತಿ, 3 ಎಲೆಕ್ಟ್ರಾನ್ ವೋಲ್ಟಿಗಿಂತ ತುಸು ಹೆಚ್ಚು. ವ್ಯವಹಾರದಲ್ಲಿ ಅದೊಂದು ಅವಾಹಕ. ಅದನ್ನು ಹೈಡ್ರೋಜನ್ನಿನಲ್ಲಿ 1000 ಡಿಗ್ರಿಗಿಂತ ಹೆಚ್ಚು ಕಾಯಿಸಿ ಸ್ವಲ್ಪ ಆಮ್ಲಜನಕ ತೆಗೆದರೆ ಟೈಟಾನಿಯಂನ ನಾಲ್ಕು, ಆಮ್ಲಜನಕದ ಏಳು ಪರಮಾಣುಗಳ ಅನುಪಾತವಿರುವ ಒಂದು ಆಕ್ಸೈಡ್ ಸಿಗುತ್ತದೆ. ಮ್ಯಾಗ್ನೆಲಿ ಬಗೆ ಎಂದು ಕರೆಯುವ ಈ ಗುಂಪಿನ ಆಕ್ಸೈಡುಗಳಲ್ಲಿ ಅದರ ವಾಹಕತೆ ಗ್ರಾಫೈಟಿಗೆ ಸರಿಸಾಟಿ. ಆದರೆ ಅಷ್ಟು ಉಷ್ಣತೆಯಲ್ಲಿ ಪುಡಿಯ ಕಣಗಳೆಲ್ಲ ಬೆಸೆದುಕೊಂಡು ಮೇಲ್ಮೈ ಗ್ರಾಂಗೆ ಒಂದೆರಡು ಚದರ ಮೀಟರಿಗೆ ಇಳಿದುಬಿಡುತ್ತದೆ. ವಾಹಕತೆ ಬಂತು, ಪ್ಲಾಟಿನಂಗೆ ಜಾಗ ಹೋಯಿತು. ಇನ್ನೊಂದು ದಾರಿಯೆಂದರೆ ಟೈಟಾನಿಯಂ ಇರುವ ಕೆಲವು ಸ್ಥಾನಗಳಲ್ಲಿ ನಿಯೋಬಿಯಂ ಅಥವಾ ಟ್ಯಾಂಟಲಂ ಕೂರಿಸುವುದು. ಅವುಗಳಲ್ಲಿ ಒಂದು ಎಲೆಕ್ಟ್ರಾನ್ ಹೆಚ್ಚಿರುವುದರಿಂದ ವಾಹಕತೆ ಏರುತ್ತದೆ. ಆದರೂ ಕೋಶ ಓಡುತ್ತಾ ಹೋದಂತೆ ಕಣದ ಮೇಲ್ಪದರ ಮತ್ತೆ ಆಮ್ಲಜನಕವನ್ನು ಸೇರಿಸಿಕೊಂಡು, ಪ್ಲಾಟಿನಂ ಮತ್ತು ಆಸರೆಯ ನಡುವೆಯೇ ತೆಳುವಾದ ಅವಾಹಕ ಪೊರೆಯೊಂದು ಬೆಳೆಯುವ ಅಪಾಯ ಇದ್ದೇ ಇರುತ್ತದೆ. ಒಳಗಿನ ವಾಹಕತೆ ಎಷ್ಟಿದ್ದರೇನು, ಎಲೆಕ್ಟ್ರಾನ್ ದಾಟಬೇಕಾದ ಹೊಸ್ತಿಲೇ ಮುಚ್ಚಿದ್ದರೆ ಕಣ ಕೆಲಸ ಮಾಡುವುದಿಲ್ಲ.

ಮೂರನೆಯ ದಾರಿ, ಸ್ಥಿರವಾದ ಆಕ್ಸೈಡಿನ ಜೊತೆ ವಾಹಕವಾದ ಇನ್ನೊಂದು ಆಕ್ಸೈಡನ್ನು ಬೆರೆಸುವುದು. ಇದರಲ್ಲಿ ಅಮೆರಿಕದಲ್ಲಿ ನೆಲೆಸಿರುವ ಭಾರತೀಯ ಮೂಲದ ವಿಜ್ಞಾನಿ ವಿಜಯ್ ರಮಣಿ ಮತ್ತು ಸಂಗಡಿಗರು ನಿಸ್ಸಾನ್ ಕಂಪನಿಯ ಸಂಶೋಧಕರೊಡನೆ 2014ರಲ್ಲಿ ಪ್ರಕಟಿಸಿದ ಕೆಲಸವನ್ನು ನೆನೆಯಬೇಕು. ಟೈಟಾನಿಯಂ ಮತ್ತು ರುಥೇನಿಯಂ ಆಕ್ಸೈಡುಗಳ ಮಿಶ್ರ ಆಸರೆಯ ಮೇಲಿದ್ದ ಪ್ಲಾಟಿನಂ ತನ್ನ ಕ್ರಿಯಾಸಾಮರ್ಥ್ಯದಲ್ಲಿ ಶೇ 18ರಷ್ಟನ್ನು ಮಾತ್ರ ಕಳೆದುಕೊಂಡ ವೇಗವರ್ಧಿತ ಪರೀಕ್ಷೆಯಲ್ಲಿ, ಇಂಗಾಲದ ಮೇಲಿದ್ದ ಪ್ಲಾಟಿನಂ ಶೇ 52ರಷ್ಟನ್ನು ಕಳೆದುಕೊಂಡಿತು. ಪೂರ್ಣ ಕೋಶದಲ್ಲಿ ಪರೀಕ್ಷಿಸಿದಾಗ, ಚದರ ಸೆಂಟಿಮೀಟರಿಗೆ ಒಂದು ಆಂಪಿಯರ್ ಪ್ರವಾಹದಲ್ಲಿ ಆಕ್ಸೈಡ್ ಆಸರೆಯ ಕೋಶದ ವೋಲ್ಟೇಜು 15 ಮಿಲಿವೋಲ್ಟ್ ಮಾತ್ರ ಇಳಿಯಿತು. ಇಂಗಾಲದ್ದು ಆ ಪ್ರವಾಹದಲ್ಲಿ ಓಡುವ ಸ್ಥಿತಿಯಲ್ಲೇ ಉಳಿಯಲಿಲ್ಲ. ಆಕ್ಸೈಡ್ ಆಸರೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಡ. ಆದರೆ ರುಥೇನಿಯಂ ಕೂಡ ಪ್ಲಾಟಿನಂ ಗುಂಪಿನದೇ ವಿರಳ ಲೋಹ ಎಂಬುದು ಆ ಗೆಲುವಿನ ಮಿತಿ. ಇದೇ ಸ್ಥಿರತೆಯನ್ನು ಅಗ್ಗದ ಲೋಹಗಳಿಂದ ಪಡೆಯುವುದು ಇನ್ನೂ ಬಾಕಿ ಇರುವ ಕೆಲಸ.

ಜಪಾನಿನ ಕ್ಯುಷು ಮತ್ತು ಯಾಮಾನಾಶಿ ವಿಶ್ವವಿದ್ಯಾಲಯಗಳು ತವರದ ಆಕ್ಸೈಡನ್ನು ಆರಿಸಿಕೊಂಡು ವರ್ಷಗಟ್ಟಲೆ ಪಟ್ಟುಹಿಡಿದು ದುಡಿದಿವೆ. ನಿಯೋಬಿಯಂ ಅಥವಾ ಟ್ಯಾಂಟಲಂ ಬೆರೆಸಿದ ಆಕ್ಸೈಡಿನ ಅತಿ ಸಣ್ಣ ಕಣಗಳು ಸರಪಳಿಯಾಗಿ ಬೆಸೆದುಕೊಳ್ಳುವಂತೆ ತಯಾರಿಸಿ, ಆ ಸರಪಳಿಯ ಉದ್ದಕ್ಕೂ ಎಲೆಕ್ಟ್ರಾನ್‌ಗಳು ಹರಿಯುವಂತೆ ಮಾಡಿರುವುದು ಅವರ ಮುಖ್ಯ ಸಾಧನೆಗಳಲ್ಲಿ ಒಂದು. ಕ್ಯಾಥೋಡಿನ ಹೆಚ್ಚಿನ ವಿಭವದಲ್ಲಿ ಗಟ್ಟಿಯಾಗಿರುವ ತವರದ ಆಕ್ಸೈಡ್ ಆನೋಡಿನ ಕಡಿಮೆ ವಿಭವದಲ್ಲಿ ಪ್ಲಾಟಿನಂ ಪಕ್ಕದಲ್ಲಿದ್ದರೆ ಅಪಕರ್ಷಣಗೊಂಡು, ಅಂದರೆ ಆಮ್ಲಜನಕವನ್ನು ಕಳೆದುಕೊಂಡು ತವರವಾಗಿ, ಪ್ಲಾಟಿನಂ ಜೊತೆ ಮಿಶ್ರಲೋಹವೂ ಆಗಬಲ್ಲದು. ಆಂಟಿಮನಿ ಬೆರೆಸಿದರೆ ವಾಹಕತೆ ಚೆನ್ನಾಗಿ ಬರುತ್ತದೆ, ಆದರೆ ಆಂಟಿಮನಿಯೇ ಕ್ರಮೇಣ ಕರಗಿ ಹೊರಬೀಳುತ್ತದೆ. ಕರಗಿದ ಲೋಹದ ಅಯಾನುಗಳು ಪೊರೆಯನ್ನು ಸೇರಿದರೆ ಪ್ರೋಟಾನ್‌ಗಳ ಸಾಗಾಟ ಕುಂಠಿತವಾಗುತ್ತದೆ. ಪ್ಲಾಟಿನಂ ಮತ್ತು ಆಕ್ಸೈಡುಗಳ ನಂಟಿಗೂ ಎರಡು ಮುಖಗಳಿವೆ. ಟೈಟಾನಿಯಂ ಡೈಆಕ್ಸೈಡಿನ ಮೇಲೆ ಕೂರಿಸಿದ ಪ್ಲಾಟಿನಂ ಗುಂಪಿನ ಲೋಹಗಳನ್ನು ಹೈಡ್ರೋಜನ್ನಿನಲ್ಲಿ 500 ಡಿಗ್ರಿಯಲ್ಲಿ ಕಾಯಿಸಿದರೆ ಅವು ಹೈಡ್ರೋಜನ್ನನ್ನು ಹಿಡಿದುಕೊಳ್ಳುವ ಗುಣವನ್ನೇ ಬಹುಪಾಲು ಕಳೆದುಕೊಳ್ಳುತ್ತವೆಂದು 1978ರಲ್ಲಿ ಎಕ್ಸಾನ್ ಕಂಪನಿಯ ಟಾಸ್ಟರ್ ಮತ್ತು ಸಂಗಡಿಗರು ತೋರಿಸಿದ್ದರು. ಆಸರೆಯ ತೆಳುಪದರ ಲೋಹದ ಮೇಲೆ ಹತ್ತಿ ಮುಚ್ಚುವುದೇ ಅದಕ್ಕೆ ಮುಖ್ಯ ಕಾರಣವೆಂದು ಮುಂದೆ ತಿಳಿದುಬಂತು. ಅದೇ ಬಿಗಿಯಾದ ನಂಟು ಹದವಾಗಿದ್ದರೆ ಪ್ಲಾಟಿನಂ ಕಣ ಜಾರದಂತೆ ಹಿಡಿಯುತ್ತದೆ, ಮಿತಿ ಮೀರಿದರೆ ಕಣವನ್ನು ಹೂತುಬಿಡುತ್ತದೆ. ಆ ಹದವನ್ನು ಪ್ರತಿಯೊಂದು ಆಕ್ಸೈಡಿಗೂ ಬೇರೆಬೇರೆಯಾಗಿ, ತಾಳ್ಮೆಯಿಂದ ಕಂಡುಕೊಳ್ಳಬೇಕು.

ಇಲ್ಲಿ ಅಳತೆಯ ಶಿಸ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಕ್ಷೇತ್ರದ ಅನೇಕ ಪ್ರಬಂಧಗಳು ಆಮ್ಲದ ದ್ರಾವಣದಲ್ಲಿ ತಿರುಗುವ ಒಂದು ಚಿಕ್ಕ ಬಿಲ್ಲೆಯ ಮೇಲೆ ಕ್ರಿಯಾವರ್ಧಕವನ್ನು ತೆಳುವಾಗಿ ಹಚ್ಚಿ ಪಡೆದ ಫಲಿತಾಂಶದಲ್ಲೇ ನಿಂತುಬಿಡುತ್ತವೆ. ಅಷ್ಟು ತೆಳುವಾದ ಪದರದಲ್ಲಿ ಆಸರೆಯ ವಾಹಕತೆ ಕಡಿಮೆಯಿದ್ದರೂ ಅದು ಎದ್ದು ಕಾಣುವುದಿಲ್ಲ. ಕೆಲವೊಮ್ಮೆ ವಾಹಕತೆಗಾಗಿ ಇಂಗಾಲವನ್ನೇ ಬೆರೆಸಿರುತ್ತಾರೆ, ಆಗ ನಾವು ಬಿಡಲು ಹೊರಟ ವಸ್ತುವೇ ಹಿಂಬಾಗಿಲಿನಿಂದ ಒಳಬಂದಂತಾಯಿತು. ಹೋಲಿಕೆಯ ಲೆಕ್ಕದಲ್ಲೂ ಎಚ್ಚರ ಬೇಕು. ಇಂಗಾಲದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2 ಗ್ರಾಂ, ಟೈಟಾನಿಯಂ ಡೈಆಕ್ಸೈಡಿನದು ಸುಮಾರು 4, ತವರದ ಡೈಆಕ್ಸೈಡಿನದು ಸುಮಾರು 7. ಇಂಗಾಲದ ಮೇಲೆ ತೂಕದಲ್ಲಿ ಶೇ 40ರಷ್ಟು ಪ್ಲಾಟಿನಂ ಇದೆಯೆಂದರೆ, ಅಷ್ಟೇ ಗಾತ್ರದ ತವರದ ಆಕ್ಸೈಡಿನ ಮೇಲೆ ಅಷ್ಟೇ ಪ್ಲಾಟಿನಂ ಶೇ 16ರ ಸುಮಾರಿಗೆ ಬರುತ್ತದೆ. ತೂಕದ ಶೇಕಡಾವಾರನ್ನೇ ನೇರವಾಗಿ ಹೋಲಿಸಿದರೆ ಪದರದ ದಪ್ಪ, ರಂಧ್ರಗಳ ಪ್ರಮಾಣ ಎಲ್ಲವೂ ತಪ್ಪಾಗಿ ಕಾಣುತ್ತವೆ. ಪೊರೆಯೊಡನೆ ಜೋಡಿಸಿದ ಪೂರ್ಣ ಕೋಶದಲ್ಲಿ, ಒಂದೇ ಪ್ರಮಾಣದ ಪ್ಲಾಟಿನಂ ಇಟ್ಟು, ಒಣ ಮತ್ತು ತೇವ ಎರಡೂ ಸ್ಥಿತಿಗಳಲ್ಲಿ ಅಳೆದ ಫಲಿತಾಂಶಕ್ಕೆ ಮಾತ್ರ ಬೆಲೆ ಕೊಡಬೇಕು. ಆಕ್ಸೈಡುಗಳು ನೀರನ್ನು ಬಯಸುವ ವಸ್ತುಗಳಾದ್ದರಿಂದ ಈ ಕೊನೆಯ ಅಂಶ ಇಂಗಾಲಕ್ಕಿಂತ ಅವುಗಳಿಗೇ ಹೆಚ್ಚು ಅನ್ವಯಿಸುತ್ತದೆ.

ಪರೀಕ್ಷೆಯ ಮಾನದಂಡಗಳನ್ನು ನಾವು ಹೊಸದಾಗಿ ಹುಟ್ಟುಹಾಕಬೇಕಾಗಿಲ್ಲ. ಅಮೆರಿಕದ ಇಂಧನ ಇಲಾಖೆ ಪ್ರಕಟಿಸಿರುವ ಕ್ರಮದಲ್ಲಿ ಆಸರೆಯ ಬಾಳಿಕೆಗಾಗಿ 1.0 ಮತ್ತು 1.5 ವೋಲ್ಟ್‌ಗಳ ನಡುವೆ 5,000 ಆವರ್ತನೆ, ಪ್ಲಾಟಿನಂನ ಬಾಳಿಕೆಗಾಗಿ 0.6 ಮತ್ತು 0.95 ವೋಲ್ಟ್‌ಗಳ ನಡುವೆ 30,000 ಆವರ್ತನೆ ನಡೆಸಬೇಕು. ಮೊದಲನೆಯದರಲ್ಲಿ ಒಂದು ಆವರ್ತನೆಗೆ ಎರಡೇ ಸೆಕೆಂಡು. ಇಡೀ ಪರೀಕ್ಷೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಎರಡನೆಯದಕ್ಕೆ ಐವತ್ತು ಗಂಟೆ ಸಾಕು. ಆದರೆ ಭಾರದ ಲಾರಿಗಳಿಗೆ ಅದೇ ಇಲಾಖೆ 2030ಕ್ಕೆ ಇಟ್ಟುಕೊಂಡಿರುವ ಗುರಿ 25,000 ಗಂಟೆಗಳ ಆಯುಷ್ಯ, ಅಂದರೆ ಹಗಲೂ ರಾತ್ರಿ ಓಡಿದರೂ ಹೆಚ್ಚುಕಡಿಮೆ ಮೂರು ವರ್ಷ. ಮೂರು ಗಂಟೆಯ ಪರೀಕ್ಷೆ ಮೂರು ವರ್ಷದ ಬದುಕನ್ನು ಎಷ್ಟು ನಿಖರವಾಗಿ ಮುನ್ಸೂಚಿಸುತ್ತದೆ ಎಂಬುದು ರಸ್ತೆಯಲ್ಲಿ ಓಡಿದ ಕೋಶಗಳನ್ನು ಬಿಚ್ಚಿ ನೋಡಿದಾಗಲೇ ಖಚಿತವಾಗುತ್ತದೆ.

ಈಗ ನಮ್ಮ ದೇಶದ ಲೆಕ್ಕಕ್ಕೆ ಬರೋಣ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ನಿನ ಒಟ್ಟು ಮೊತ್ತ 19,744 ಕೋಟಿ ರೂಪಾಯಿ. ಅದರಲ್ಲಿ 17,490 ಕೋಟಿ ಹೈಡ್ರೋಜನ್ ಮತ್ತು ಅದನ್ನು ನೀರಿನಿಂದ ಬೇರ್ಪಡಿಸುವ ಎಲೆಕ್ಟ್ರೊಲೈಜರ್‌ಗಳ ಉತ್ಪಾದನೆಯ ಪ್ರೋತ್ಸಾಹಕ್ಕೆ, 1,466 ಕೋಟಿ ಪ್ರಾಯೋಗಿಕ ಯೋಜನೆಗಳಿಗೆ, 400 ಕೋಟಿ ಸಂಶೋಧನೆ ಮತ್ತು ಅಭಿವೃದ್ಧಿಗೆ. ಸಂಶೋಧನೆಯ ಪಾಲು ಶೇ 2ರ ಆಸುಪಾಸು. ಆ 400 ಕೋಟಿಯೊಳಗೆ ಉತ್ಪಾದನೆ, ಸಂಗ್ರಹ, ಸಾಗಣೆ, ಸುರಕ್ಷತೆ, ಬಳಕೆ ಎಲ್ಲವೂ ಸೇರಿರುವಾಗ ಕ್ರಿಯಾವರ್ಧಕದ ಆಸರೆಗೆ ಸಿಗುವುದು ಎಷ್ಟೆಂದು ಊಹಿಸಬಹುದು. ಉತ್ಪಾದನೆಗೆ ಪ್ರೋತ್ಸಾಹ ಬೇಡವೆಂದು ನಾನು ಹೇಳುತ್ತಿಲ್ಲ. ಕೊಂಡುತಂದ ತಂತ್ರಜ್ಞಾನದ ಬಾಳಿಕೆ ನಮ್ಮ ಹತೋಟಿಯಲ್ಲಿ ಇಲ್ಲದಿದ್ದರೆ ಪ್ರತಿ ಕೆಲವು ವರ್ಷಕ್ಕೊಮ್ಮೆ ಕೋಶಗಳನ್ನೂ ಅವುಗಳೊಳಗಿನ ಪ್ಲಾಟಿನಂನನ್ನೂ ಮತ್ತೆ ಕೊಳ್ಳಬೇಕಾಗುತ್ತದೆ ಎಂಬುದು ನನ್ನ ಆತಂಕ.

ಪ್ಲಾಟಿನಂ ವಿಷಯದಲ್ಲಿ ನಾವು ಬಡವರು. ದೇಶದಲ್ಲಿ ಗುರುತಿಸಲಾಗಿರುವ ಪ್ಲಾಟಿನಂ ಗುಂಪಿನ ಲೋಹಗಳ ಸಂಪನ್ಮೂಲ ತೀರಾ ಅಲ್ಪ. ಬಹುಪಾಲು ಒಡಿಶಾದಲ್ಲಿ, ಒಂದಿಷ್ಟು ನಮ್ಮ ಚನ್ನಗಿರಿ ಬಳಿಯ ಹನುಮಲಾಪುರ ಪ್ರದೇಶದಲ್ಲಿ. ಟೈಟಾನಿಯಂ ಹಾಗಲ್ಲ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರದ ಕಡಲತೀರದ ಮರಳಿನಲ್ಲಿ ಟೈಟಾನಿಯಂನ ಅದಿರಾದ ಇಲ್ಮನೈಟ್ ಹೇರಳವಾಗಿದೆ, ಅದನ್ನು ಸಂಸ್ಕರಿಸುವ ಅನುಭವವೂ ನಮಗಿದೆ. ಕೊರತೆಯಿರುವ ಲೋಹವನ್ನು ಹೆಚ್ಚು ಕಾಲ ದುಡಿಸಲು ಹೇರಳವಾಗಿರುವ ಲೋಹದ ಆಕ್ಸೈಡನ್ನು ಆಸರೆಯಾಗಿಸುವುದು ನಮ್ಮ ದೇಶಕ್ಕೆ ಒಪ್ಪುವ ದಾರಿ.

ಬ್ಯಾಟರಿ ಬಸ್ಸುಗಳು ಇರುವಾಗ ಇದರ ಅಗತ್ಯವೇನೆಂಬ ಆಕ್ಷೇಪ ಎದುರಾಗುತ್ತದೆ. ನಗರದೊಳಗಿನ ಓಡಾಟಕ್ಕೆ ಬ್ಯಾಟರಿ ಸಾಕಾಗಬಹುದು. ಭಾರ ಹೊತ್ತು ದೂರ ಸಾಗುವ ವಾಹನಗಳ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆದರೆ ಈ ಆಕ್ಷೇಪಕ್ಕೆ ಹೆಚ್ಚು ತೂಕದ ಉತ್ತರ ಇರುವುದು ಇಂಧನಕೋಶದ ಹೊರಗೆ. ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಪಾಲಿಮರ್ ಪೊರೆಯ ಎಲೆಕ್ಟ್ರೊಲೈಜರಿನಲ್ಲಿ ಆಮ್ಲಜನಕ ಬಿಡುಗಡೆಯಾಗುವ ಬದಿಯ ವಿಭವ ಸದಾ 1.5 ವೋಲ್ಟಿಗಿಂತ ಮೇಲಿರುತ್ತದೆ. ಇಂಧನಕೋಶದಲ್ಲಿ ಕ್ಷಣಕಾಲ ಬಂದುಹೋಗುವ ಸಂಕಟ ಅಲ್ಲಿ ನಿತ್ಯದ ಸ್ಥಿತಿ. ಆದ್ದರಿಂದ ಆ ಬದಿಯಲ್ಲಿ ಇಂಗಾಲವನ್ನು ಆಸರೆಯಾಗಿ ಬಳಸುವ ಮಾತೇ ಇಲ್ಲ. ಕ್ರಿಯಾವರ್ಧಕವಾಗಿ ಬೇಕಾದ ಇರಿಡಿಯಂ ಜಗತ್ತಿನಲ್ಲಿ ವರ್ಷಕ್ಕೆ ಏಳೆಂಟು ಟನ್ನಿನಷ್ಟು ಮಾತ್ರ, ಅದೂ ಪ್ಲಾಟಿನಂ ಗಣಿಗಾರಿಕೆಯ ಉಪೋತ್ಪನ್ನವಾಗಿ ದೊರೆಯುತ್ತದೆ. ಆ ಅತ್ಯಲ್ಪ ಇರಿಡಿಯಂ ಅನ್ನು ತೆಳುವಾಗಿ ಹರಡಿ ಉಳಿಸಿಕೊಳ್ಳಲು ಇರುವ ಮುಖ್ಯ ಮಾರ್ಗವೂ ವಾಹಕವಾದ, ಸ್ಥಿರವಾದ ಲೋಹದ ಆಕ್ಸೈಡಿನ ಆಸರೆಯೇ. ಅಂದರೆ ಇಂಧನಕೋಶಕ್ಕಾಗಿ ಕಲಿತ ವಿದ್ಯೆ ಮಿಷನ್ನಿನ ಅತಿ ದೊಡ್ಡ ಮೊತ್ತ ಹೋಗುತ್ತಿರುವ ಹೈಡ್ರೋಜನ್ ಉತ್ಪಾದನೆಗೂ ನೇರವಾಗಿ ಒದಗುತ್ತದೆ. ಈ ಎರಡನ್ನೂ ಒಂದೇ ಸಂಶೋಧನಾ ಕಾರ್ಯಕ್ರಮವಾಗಿ ನೋಡಬೇಕೆಂಬುದು ನನ್ನ ಮುಖ್ಯ ವಾದ.

ಕರ್ನಾಟಕ ಈ ಕೆಲಸದ ಮುಂಚೂಣಿಯಲ್ಲಿ ನಿಲ್ಲಲು ಯೋಗ್ಯವಾದ ನೆಲ ಎಂಬುದನ್ನು ಅಭಿಮಾನದ ಮಾತಾಗಿ ಹೇಳುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಸಿ. ಪಾಟೀಲ ಮತ್ತು ಕಿಂಗ್ಸ್ಲಿ ಅವರು 1988ರಲ್ಲಿ ಪ್ರಕಟಿಸಿದ ದ್ರಾವಣ ದಹನ ವಿಧಾನ ಆಕ್ಸೈಡುಗಳ ತಯಾರಿಕೆಯಲ್ಲಿ ಜಗತ್ತೇ ಅನುಸರಿಸುವ ಮಾರ್ಗವಾಯಿತು. ಲೋಹದ ನೈಟ್ರೇಟನ್ನು ಯೂರಿಯಾದಂಥ ಇಂಧನದೊಡನೆ ನೀರಿನಲ್ಲಿ ಕರಗಿಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರೆ ಅದು ಕುದಿದು, ನೊರೆಯುಕ್ಕಿ, ತಾನೇ ಹೊತ್ತಿಕೊಂಡು ಕೆಲವೇ ನಿಮಿಷಗಳಲ್ಲಿ ಹಗುರವಾದ ಆಕ್ಸೈಡ್ ಪುಡಿಯಾಗುತ್ತದೆ. ದ್ರಾವಣದಲ್ಲೇ ಅಯಾನುಗಳು ಸಮನಾಗಿ ಬೆರೆತಿರುವುದರಿಂದ ಒಂದು ಆಕ್ಸೈಡಿನೊಳಗೆ ಇನ್ನೊಂದು ಲೋಹವನ್ನು ಕೂರಿಸುವುದು ಈ ವಿಧಾನದಲ್ಲಿ ಸುಲಭ; ನಮಗೆ ಬೇಕಾಗಿರುವುದೂ ಅದೇ. ಅಲ್ಲಿಯೇ ಪ್ರೊ. ಎಂ. ಎಸ್. ಹೆಗ್ಡೆ ಅವರ ತಂಡ ಇದೇ ವಿಧಾನದಿಂದ ಸೀರಿಯಂ ಮತ್ತು ಟೈಟಾನಿಯಂ ಆಕ್ಸೈಡುಗಳ ಜಾಲದೊಳಗೆ ಪ್ಲಾಟಿನಂ, ಪಲ್ಲಾಡಿಯಂ ಅಯಾನುಗಳನ್ನು ಸೇರಿಸಿ ವಾಹನಗಳ ಹೊಗೆ ಶುದ್ಧೀಕರಣಕ್ಕೆ ಒದಗುವ ಕ್ರಿಯಾವರ್ಧಕಗಳನ್ನು ರೂಪಿಸಿತು. ಪ್ರೊ. ಎ. ಕೆ. ಶುಕ್ಲಾ ಅವರು ಇಂಧನಕೋಶಗಳ ಅಧ್ಯಯನಕ್ಕೆ ಅಲ್ಲಿ ಗಟ್ಟಿ ಬುನಾದಿ ಹಾಕಿದರು. ಲೋಹದ ಆಕ್ಸೈಡುಗಳ ರಸಾಯನವಿಜ್ಞಾನವನ್ನೇ ಜೀವನದ ಕೆಲಸವಾಗಿಸಿಕೊಂಡ ಪ್ರೊ. ಸಿ. ಎನ್. ಆರ್. ರಾವ್ ಅವರ ಪರಂಪರೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮುಂದುವರಿದಿದೆ. ಆಕ್ಸೈಡ್ ತಯಾರಿಸುವ ವಿದ್ಯೆ, ಕ್ರಿಯಾವರ್ಧಕದ ವಿದ್ಯೆ, ಇಂಧನಕೋಶದ ವಿದ್ಯೆ ಮೂರೂ ಒಂದೇ ಊರಿನಲ್ಲಿ ಬೆಳೆದಿರುವುದು ಅಪರೂಪದ ಸಂಗತಿ.

ದೇಶದ ಇತರೆಡೆಗಳಲ್ಲೂ ಸಿದ್ಧತೆ ಇದೆ. ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಗಳು ಪೊರೆ ಮತ್ತು ಕೋಶಗಳ ಜೋಡಣೆಯಲ್ಲಿ ಅನುಭವ ಗಳಿಸಿವೆ. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ಕೊನೆಯ ಹಂತದಲ್ಲಿ ಇಸ್ರೊ 100 ವಾಟ್ ಶ್ರೇಣಿಯ ಪಾಲಿಮರ್ ಪೊರೆಯ ಇಂಧನಕೋಶವನ್ನು ಬಾಹ್ಯಾಕಾಶದಲ್ಲೇ ಪರೀಕ್ಷಿಸಿತು. ಕೋಶ ಕಟ್ಟಲು ನಮಗೆ ಬರುತ್ತದೆ. ಅದನ್ನು ಇಪ್ಪತ್ತೈದು ಸಾವಿರ ಗಂಟೆ ಬಾಳಿಸುವುದನ್ನು ಕಲಿಯಬೇಕಾಗಿದೆ.

ಆದ್ದರಿಂದ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವನ್ನೂ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುವುದೇನೆಂದರೆ, ಬೆಂಗಳೂರಿನಲ್ಲಿ ಕ್ರಿಯಾವರ್ಧಕ ಆಸರೆಗಳ ಬಾಳಿಕೆಯನ್ನು ಪರೀಕ್ಷಿಸುವ ಒಂದು ಸಾಮಾನ್ಯ ಕೇಂದ್ರವನ್ನು ಸ್ಥಾಪಿಸಬೇಕು. ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲಿ ಆಕ್ಸೈಡ್ ಪುಡಿ ತಯಾರಿಸುವ ಸಂಶೋಧನಾ ವಿದ್ಯಾರ್ಥಿಯೊಬ್ಬರು ಕೆಲವು ಗ್ರಾಂ ಮಾದರಿಯನ್ನು ಅಲ್ಲಿಗೆ ಕಳುಹಿಸಿದರೆ, ಅದನ್ನು ಪೂರ್ಣ ಕೋಶವಾಗಿ ಜೋಡಿಸಿ, ಒಂದೇ ಕ್ರಮದಲ್ಲಿ ಪರೀಕ್ಷಿಸಿ, ಸೋತ ಮಾದರಿಯ ಫಲಿತಾಂಶವನ್ನೂ ಗೆದ್ದದ್ದರ ಜೊತೆಗೇ ಪ್ರಕಟಿಸುವ ವ್ಯವಸ್ಥೆ ಅಲ್ಲಿರಬೇಕು. ಕೋಶ ಜೋಡಿಸುವ ಮತ್ತು ಪರೀಕ್ಷಿಸುವ ಸಲಕರಣೆಗಳು ಯಾವುದೇ ಒಂದು ಕಾಲೇಜಿನ ಅಳವಿಗೆ ಮೀರಿದವು. ಪುಡಿ ತಯಾರಿಸುವ ಕುಲುಮೆಯಾದರೋ ಸಾಮಾನ್ಯ ಪ್ರಯೋಗಾಲಯದಲ್ಲೂ ಇರುತ್ತದೆ. ಮಿಷನ್ನಿನ ಅಡಿಯಲ್ಲಿ ಪರೀಕ್ಷಾ ಸೌಲಭ್ಯಗಳು ಮತ್ತು ಮಾನಕಗಳಿಗಾಗಿ 2024ರ ಜುಲೈನಲ್ಲಿ 200 ಕೋಟಿ ರೂಪಾಯಿಯ ಯೋಜನೆಯೊಂದಕ್ಕೆ ಮಾರ್ಗಸೂಚಿ ಹೊರಟಿದೆ. ಇಂಥ ಯೋಜನೆಗಳ ವ್ಯಾಪ್ತಿ ಸುರಕ್ಷತೆ ಮತ್ತು ಪ್ರಮಾಣೀಕರಣಕ್ಕೆ ನಿಲ್ಲದೆ, ವಸ್ತುಗಳ ದೀರ್ಘಕಾಲದ ಬಾಳಿಕೆಯನ್ನೂ ಒಳಗೊಳ್ಳಬೇಕು. ಸಂಶೋಧನಾ ಅನುದಾನದ ಅವಧಿಯನ್ನೂ ಹಿಗ್ಗಿಸಬೇಕು. ಮೂರು ವರ್ಷದ ಅನುದಾನದಲ್ಲಿ ವಸ್ತುವೊಂದನ್ನು ತಯಾರಿಸಿ ಅದರ ಆರಂಭದ ಸಾಮರ್ಥ್ಯ ತೋರಿಸಬಹುದೇ ಹೊರತು, ಅದು ಹೇಗೆ ಸವೆಯುತ್ತದೆಂದು ಅರಿತು, ತಿದ್ದಿ, ಮತ್ತೆ ಪರೀಕ್ಷಿಸಲು ಕಾಲ ಉಳಿಯುವುದಿಲ್ಲ.

ಇನ್ನೊಂದು ಕೋರಿಕೆಗೆ ಹೆಚ್ಚಿನ ಹಣವೂ ಬೇಕಿಲ್ಲ. 2025ರ ಮಾರ್ಚಿನಲ್ಲಿ ಸಚಿವಾಲಯ ಮಂಜೂರು ಮಾಡಿದ ಐದು ಪ್ರಾಯೋಗಿಕ ಯೋಜನೆಗಳಲ್ಲಿ 37 ಬಸ್ಸು, ಲಾರಿಗಳಿದ್ದು, ಅವುಗಳಲ್ಲಿ 15 ಇಂಧನಕೋಶದ ವಾಹನಗಳು. ಉಳಿದವು ಹೈಡ್ರೋಜನ್ನನ್ನು ಎಂಜಿನ್ನಿನಲ್ಲೇ ಉರಿಸುವಂಥವು. ಸಾರ್ವಜನಿಕ ನೆರವು ಪಡೆದ ಆ 15 ವಾಹನಗಳ ಕೋಶಗಳು ಎಷ್ಟು ಬಾರಿ ಚಾಲೂ ಆದವು, ಎಷ್ಟು ಬಾರಿ ನಿಂತವು, ಎಷ್ಟು ಗಂಟೆ ಓಡಿದ ಮೇಲೆ ವೋಲ್ಟೇಜು ಎಷ್ಟು ಇಳಿಯಿತು, ನಮ್ಮ ಬೇಸಿಗೆಯ ಬಿಸಿ ಮತ್ತು ರಸ್ತೆಯ ಧೂಳು ಹೊಗೆಗಳು ಅದಕ್ಕೆ ಏನು ಸೇರಿಸಿದವು ಎಂಬ ವಿವರಗಳನ್ನು ತಯಾರಕರ ವ್ಯಾಪಾರದ ಗುಟ್ಟಿಗೆ ಧಕ್ಕೆಯಾಗದ ರೀತಿಯಲ್ಲಿ ಆರು ತಿಂಗಳಿಗೊಮ್ಮೆ ಪ್ರಕಟಿಸಲಿ. ಆಯುಷ್ಯ ಮುಗಿದ ಕೋಶಗಳನ್ನು ಗುಜರಿಗೆ ಕಳುಹಿಸುವ ಮೊದಲು ಅವುಗಳ ಕ್ಯಾಥೋಡಿನ ಒಂದೊಂದು ತುಣುಕನ್ನು ಸಂಶೋಧಕರಿಗೆ ಒದಗಿಸಲಿ. ಯಾವ ಆಕ್ಸೈಡ್ ನಮ್ಮ ರಸ್ತೆಗಳಿಗೆ ಸರಿಹೊಂದುತ್ತದೆ ಎಂಬ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ಆ ತುಣುಕುಗಳಿಂದಲೇ ಆರಂಭಿಸಬಲ್ಲರು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನವಿಜ್ಞಾನ ಅಧ್ಯಾಪಕ
ಧಾರವಾಡ